ಉಪ್ಪು ನೀರಿನ ಹೊಲಕ್ಕೆ ಜಿಪ್ಸಂ, ಸುಣ್ಣ, ಕ್ಯಾಲ್ಸಿಯಂ ನೈಟ್ರೇಟ್: ನಾನು ಹಾಕಿ ನೋಡಿದ್ದು

ನಮ್ಮ ಜಮೀನು ಅರಸೀಕೆರೆ ಕಡೆ. ಬೋರ್ ನೀರಲ್ಲಿ ಉಪ್ಪು, ಅದರಲ್ಲೂ ಸೋಡಿಯಂ ಜಾಸ್ತಿ. ತೆಂಗು ಹೇಗೋ ತಡೆದುಕೊಳ್ಳುತ್ತದೆ, ಟೊಮೆಟೊ ಒದ್ದಾಡುತ್ತದೆ, ಬೀನ್ಸ್ ಅಂತೂ ಎಲೆ ಅಂಚು ಸುಟ್ಟುಕೊಂಡು ಮೇಲೇಳುವುದೇ ಇಲ್ಲ. ಹಾಗಾಗಿ ಒಂದೇ ಹೊಲದಲ್ಲಿ ಪಟ್ಟೆ ಮಾಡಿ ಜಿಪ್ಸಂ, ಸುಣ್ಣ, ಕ್ಯಾಲ್ಸಿಯಂ ನೈಟ್ರೇಟ್ ಮೂರನ್ನೂ ಒಂದೊಂದು ಪಟ್ಟೆಗೆ ಹಾಕಿದೆ. ಒಂದು ಪಟ್ಟೆಗೆ ಏನೂ ಹಾಕದೆ ಬಿಟ್ಟೆ.

ಮೂರರಲ್ಲೂ ಇರುವುದು ಕ್ಯಾಲ್ಸಿಯಂ. ಬೇರಿನ ಜೀವಕೋಶದ ಪೊರೆ ಗಟ್ಟಿಯಾಗಿರಲು ಅದು ಬೇಕು. ಸೋಡಿಯಂ ಹೆಚ್ಚಾದರೆ ಕ್ಯಾಲ್ಸಿಯಂ ಜಾಗ ಬಿಡುತ್ತದೆ, ಪೊರೆ ಸಡಿಲವಾಗಿ ಪೊಟ್ಯಾಷ್ ಸೋರಿಹೋಗುತ್ತದೆ, ಸೋಡಿಯಂ ಒಳಗೆ ನುಗ್ಗುತ್ತದೆ. ಒಳಬಂದ ಸೋಡಿಯಂ ಅನ್ನು ಹೊರಗೆ ತಳ್ಳುವಂತೆ ಕೋಶಕ್ಕೆ ಸೂಚನೆ ಕೊಡುವುದೂ ಕ್ಯಾಲ್ಸಿಯಮ್ಮೇ. 1969ರಲ್ಲಿ ಲಾಹೇ ಮತ್ತು ಎಪ್‌ಸ್ಟೀನ್ ಎಂಬ ವಿಜ್ಞಾನಿಗಳು ಇದನ್ನು ಬೀನ್ಸ್ ಗಿಡದಲ್ಲೇ ತೋರಿಸಿದರು: ಉಪ್ಪು ಅಷ್ಟೇ ಇದ್ದರೂ ಕ್ಯಾಲ್ಸಿಯಂ ಸಾಕಷ್ಟು ಸಿಕ್ಕ ಗಿಡದ ಎಲೆಗೆ ಸೋಡಿಯಂ ಹೆಚ್ಚು ಏರಲಿಲ್ಲ.

ಸುಣ್ಣದ ಪಟ್ಟೆಗೂ ಬರಿ ಪಟ್ಟೆಗೂ ನನಗೆ ವ್ಯತ್ಯಾಸವೇ ಕಾಣಲಿಲ್ಲ. ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟದವರು ಸುಣ್ಣ ಹಾಕುವುದು ಅಲ್ಲಿನ ಹುಳಿ ಮಣ್ಣಿಗೆ. ನಮ್ಮ ಮಣ್ಣಿನ ರಸಸಾರ (pH) 8 ದಾಟಿದೆ, ಅಂದರೆ ಹುಳಿಯಲ್ಲ, ಕ್ಷಾರ. ಇಲ್ಲಿ ಸುಣ್ಣ ಕರಗುವುದೇ ಕಷ್ಟ.

ಜಿಪ್ಸಂ ಪಟ್ಟೆಯಲ್ಲಿ ಮೊದಲು ಬದಲಾದದ್ದು ಗಿಡವಲ್ಲ, ಮಣ್ಣು. ಮಳೆ ಬಿದ್ದ ಮೇಲೆ ಹೊಲದ ಮೇಲೆ ಕಟ್ಟುತ್ತಿದ್ದ ಗಟ್ಟಿ ಪದರ ಕಡಿಮೆಯಾಯಿತು, ನಿಲ್ಲುತ್ತಿದ್ದ ನೀರು ಇಂಗತೊಡಗಿತು. ಜೇಡಿಕಣಕ್ಕೆ ಅಂಟಿದ ಸೋಡಿಯಂ ಅನ್ನು ಕ್ಯಾಲ್ಸಿಯಂ ಬಿಡಿಸುತ್ತದೆ, ಬಿಟ್ಟದ್ದು ನೀರಿನ ಜೊತೆ ಕೆಳಗಿಳಿಯುತ್ತದೆ. ಆದ್ದರಿಂದ ಮುಂಗಾರಿಗೆ ಮುಂಚೆಯೇ ಎರಚಿ ಮಣ್ಣಲ್ಲಿ ಬೆರೆಸಬೇಕು. ನೀರು ಬಸಿಯದ ತಗ್ಗಿನಲ್ಲಿ ಎಷ್ಟು ಸುರಿದರೂ ದಂಡ. ಡ್ರಿಪ್ ಟ್ಯಾಂಕಿಗಂತೂ ಬೇಡ, ಲೀಟರಿಗೆ ಎರಡು ಗ್ರಾಂ ಚಿಲ್ಲರೆಗಿಂತ ಹೆಚ್ಚು ಕರಗುವುದಿಲ್ಲ.

ನಿಂತ ಬೆಳೆಗೆ ಬೇಗ ಕೈಹಿಡಿದದ್ದು ಕ್ಯಾಲ್ಸಿಯಂ ನೈಟ್ರೇಟ್. ಪೂರ್ತಿ ಕರಗುತ್ತದೆ, ಡ್ರಿಪ್‌ನಲ್ಲಿ ನೇರ ಬೇರಿಗೆ ಹೋಗುತ್ತದೆ. ಹೊಸ ಚಿಗುರು ಸುಡುವುದು ಕಡಿಮೆಯಾಯಿತು, ಟೊಮೆಟೊ ಕಾಯಿಯ ತಳ ಕಪ್ಪಾಗಿ ಕೊಳೆಯುವುದೂ ತಗ್ಗಿತು. ಆದರೆ ದುಬಾರಿ, ಮಣ್ಣಿನ ಪದರ ಇದ್ದಂತೆಯೇ ಇತ್ತು. ಇದರಲ್ಲಿ 15.5% ಸಾರಜನಕವೂ ಇದೆ, ಯೂರಿಯಾ ಅಷ್ಟು ಕಡಿಮೆ ಮಾಡದಿದ್ದರೆ ಗಿಡ ಬರೀ ಸೊಪ್ಪಾಗುತ್ತದೆ. ಸಲ್ಫೇಟ್, ಫಾಸ್ಫೇಟ್ ಗೊಬ್ಬರಗಳನ್ನು ಇದರ ಜೊತೆ ಒಂದೇ ಟ್ಯಾಂಕಿಗೆ ಹಾಕಬೇಡಿ, ಗಸಿ ಕಟ್ಟಿ ಡ್ರಿಪ್ಪರ್ ಮುಚ್ಚಿಹೋಗುತ್ತದೆ.

ಎಲೆಗೆ ಸಿಂಪಡಿಸಿ ಅನ್ನುವವರೂ ಇದ್ದಾರೆ. ಎಲೆಗೆ ಬಿದ್ದ ಕ್ಯಾಲ್ಸಿಯಂ ಅಲ್ಲಿಂದ ಬೇರಿಗೆ ಇಳಿಯುವುದಿಲ್ಲ, ಉಪ್ಪು ಕಾಡುವುದು ಬೇರನ್ನು.

ನಾನೀಗ ಮಳೆಗೆ ಮೊದಲು ಜಿಪ್ಸಂ ಹಾಕುತ್ತೇನೆ, ಹೂ ಬಿಟ್ಟಾಗಿನಿಂದ ಸ್ವಲ್ಪ ಸ್ವಲ್ಪವೇ ನೈಟ್ರೇಟ್ ಕೊಡುತ್ತೇನೆ. ನೀವು ಜಿಪ್ಸಂ ಕೊಳ್ಳುವ ಮೊದಲು ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಿ. ಸೋಡಿಯಂ ಕಡಿಮೆಯಿದ್ದು ಬೇರೆ ಲವಣಗಳೇ ಹೆಚ್ಚಿದ್ದರೆ ಜಿಪ್ಸಂ ಬೇಕಿಲ್ಲ, ಒಳ್ಳೆಯ ನೀರು ಹಾಯಿಸಿ ಬಸಿಯುವುದೇ ದಾರಿ.