ಟಾಯ್ಲೆಟ್ ಲೈನಿಗೆ ಬೇರು ಹೊಕ್ಕರೆ: ದಬ್ಬೆ, ಸ್ಪ್ರಿಂಗು, ಜೆಟ್, ಮೈಲುತುತ್ತ, ಗುದ್ದಲಿ

ಅಂಗಳದಲ್ಲಿ ದೊಡ್ಡ ಮರ, ಅದರ ಬುಡದ ಪಕ್ಕದಲ್ಲೇ ಹಾದುಹೋದ, ಸುಟ್ಟ ಜೇಡಿಮಣ್ಣಿನ ಸ್ಟೋನ್‌ವೇರ್ ಪೈಪು. ಹಾಸನದ ಕೆ.ಆರ್. ಪುರಂ, ವಿದ್ಯಾನಗರ, ಚಿಕ್ಕಮಗಳೂರಿನ ಜಯನಗರದಂಥ ಕಡೆ ಹಳೇ ಮನೆಯ ಟಾಯ್ಲೆಟ್ ಲೈನು ಪದೇ ಪದೇ ಕಟ್ಟುತ್ತಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಈ ಜೋಡಿಯ ಮೇಲೆ. ಫೆಬ್ರುವರಿಯಿಂದ ಮೇ ತನಕ ಮೇಲ್ಮಣ್ಣಿನ ಪಸೆ ಆರಿದಾಗ ಬೇರು ನೀರು ಹುಡುಕಿಕೊಂಡು ಪೈಪಿನೊಳಗೆ ಬರುತ್ತದೆ. ಮಳೆ ಹಿಡಿದ ಮೇಲೆ ಅದೇ ಸಂದಿನಿಂದ ನೆಲದ ನೀರು ಒಳಕ್ಕೆ ಇಳಿದು ಸೆಪ್ಟಿಕ್ ಟ್ಯಾಂಕು ತುಂಬಿಬಿಡುತ್ತದೆ. ಬೇಸಿಗೆಯಲ್ಲಿ ಕಟ್ಟುವ, ಮಳೆಗಾಲದಲ್ಲಿ ಉಕ್ಕುವ ಲೈನಿನ ರೋಗ ಒಂದೇ: ಜಾಯಿಂಟು ಬಿಟ್ಟಿದೆ.

ಹಳೇ ಸ್ಟೋನ್‌ವೇರ್ ಪೈಪು ಒಂದೊಂದೂ ಎರಡು ಅಡಿ ಉದ್ದ. ಹತ್ತು ಮೀಟರ್ ಲೈನು ಅಂದರೆ ಹದಿನಾರು ಹದಿನೇಳು ಜಾಯಿಂಟು. ಪ್ರತಿಯೊಂದರಲ್ಲೂ ಸೆಣಬಿನ ಹುರಿ ತುರುಕಿ ಸಿಮೆಂಟು ಮೆತ್ತಿರುತ್ತಾರೆ. ಮಣ್ಣು ಸ್ವಲ್ಪ ಕುಸಿದರೂ ಸಿಮೆಂಟು ಕೂದಲೆಳೆಯಷ್ಟು ಬಿರಿಯುತ್ತದೆ. ಆ ಬಿರುಕಿನಿಂದ ಹೊರಬರುವ ತೇವದ ಜಾಡು ಬೇರಿಗೆ ಸಾಕು. ಒಳಗೆ ನೀರು, ಗೊಬ್ಬರ, ಗಾಳಿ ಮೂರೂ ಇರುವುದರಿಂದ ಹೊಕ್ಕ ಬೇರು ಅಲ್ಲೇ ಕವಲೊಡೆದು ಜಡೆ ಕಟ್ಟುತ್ತದೆ.

ಊರಲ್ಲಿ ಸಿಗುವ ಮದ್ದುಗಳನ್ನೆಲ್ಲ ಬಳಸಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇಷ್ಟು: ಬೇರು ಕಡಿಯುವ ಯಾವ ವಿಧಾನವೂ ವಾಯಿದೆ ಕೊಡುತ್ತದೆ, ಅಷ್ಟೇ. ಆ ವಾಯಿದೆ ಸಾಕೋ ಅಗೆತವೇ ಬೇಕೋ ಅನ್ನುವುದನ್ನು ಬಿಟ್ಟ ಜಾಯಿಂಟುಗಳ ಲೆಕ್ಕ ಹೇಳುತ್ತದೆ.

ಬೇರೇ ಹೌದಾ?

ಒಂದೇ ಬಚ್ಚಲು ಕಟ್ಟಿದ್ದರೆ ಅದು ನಹಣಿ ಟ್ರ್ಯಾಪಿನ (ಬಚ್ಚಲಿನ ನೆಲದ ಜಾಲರಿಯಡಿಯ ಬಾಗುಕೊಳವೆಯ) ಕೂದಲು, ಸೋಪಿನ ಜಿಡ್ಡು. ನೆಲಮಹಡಿಯ ಎಲ್ಲವೂ ಒಟ್ಟಿಗೆ ಕಟ್ಟಿ, ಕಮೋಡಿನಲ್ಲಿ ಗುಳುಗುಳು ಸದ್ದು ಬಂದರೆ ಮುಖ್ಯ ಲೈನು. ಚೇಂಬರುಗಳ (ಲೈನಿನ ನಡುನಡುವೆ ಕಟ್ಟಿದ ತಪಾಸಣೆ ಗುಂಡಿಗಳ) ಮುಚ್ಚಳ ತೆಗೆದು ನೋಡಿ: ಮನೆಯ ಕಡೆಗಿನ ಮೇಲಿನದು ತುಂಬಿದೆ, ನೀರು ಹರಿದುಹೋಗುವ ಕಡೆಯ ಕೆಳಗಿನದು ಒಣಗಿದೆ ಅಂದರೆ ಅಡ್ಡಿ ಎರಡರ ನಡುವೆ ಇದೆ. ರಾಡು ತಳ್ಳಿ, ಅದು ನಿಂತಾಗ ಪೈಪಿನ ಬಾಯಿಗೆ ಸರಿಯಾಗಿ ರಾಡಿಗೆ ಇನ್ಸುಲೇಶನ್ ಟೇಪ್ ಸುತ್ತಿ, ಈಚೆಗೆ ಎಳೆದು ಅಳೆಯಿರಿ. ಪ್ರತಿ ಸಲವೂ ಅದೇ ಅಳತೆಗೆ ನಿಂತರೆ ಬೇರು ಇಲ್ಲವೇ ಒಡೆದ ಪೈಪು. ರಾಡಿನ ತುದಿಗೆ ಬಿಳಿ ಅಥವಾ ಕಂದು ಎಳೆ ಸಿಕ್ಕಿಕೊಂಡು ಬಂದರೆ ಸಂಶಯ ಮುಗಿಯಿತು. ಫೋನಿಗೆ ಸಿಕ್ಕಿಸುವ ಹತ್ತು ಮೀಟರ್ ವೈರಿನ ಪುಟ್ಟ ಕ್ಯಾಮೆರಾ ಒಳ್ಳೆಯ ಸಾಧನವೇ, ಆದರೆ ಲೈನು ಬಿಡಿಸಿ ನೀರು ಹರಿದುಹೋದ ಮೇಲೆ ಮಾತ್ರ. ಕೊಳಚೆಯೊಳಗೆ ಅದಕ್ಕೆ ಏನೂ ಕಾಣುವುದಿಲ್ಲ.

ಮರ ಯಾವುದು ಅನ್ನುವುದೂ ಮುಖ್ಯ. ತೆಂಗಿನ ಬೇರು ಒಂದು ಹದಕ್ಕಿಂತ ದಪ್ಪವಾಗುವುದಿಲ್ಲ, ಪೈಪನ್ನು ಸೀಳುವುದೂ ಅಪರೂಪ; ನಾರಿನ ಚಾಪೆಯಂತೆ ಒಳಗೆ ತುಂಬಿಕೊಳ್ಳುತ್ತದೆ, ಅಷ್ಟೆ. ಅತ್ತಿ, ಅರಳಿ, ಆಲ, ಹಲಸು, ಮಾವಿನದು ಹಾಗಲ್ಲ. ಎಳೆಯಾಗಿ ಹೊಕ್ಕು ವರ್ಷ ವರ್ಷಕ್ಕೂ ದಪ್ಪವಾಗಿ ಪೈಪಿನ ಕಾಲರನ್ನೇ ಒಡೆಯುತ್ತದೆ. ಚನ್ನರಾಯಪಟ್ಟಣ, ಅರಸೀಕೆರೆ ಕಡೆಯ ತೆಂಗಿನ ಅಂಗಳಕ್ಕೆ ವರ್ಷಕ್ಕೊಮ್ಮೆ ಕಡಿತ ಸಾಕಾಗಬಹುದು. ಕಾಂಪೌಂಡಿನ ಅತ್ತಿ ಮರಕ್ಕೆ ಸಾಲದು.

ಬಿದಿರು ದಬ್ಬೆ ಮತ್ತು ಸ್ಪ್ರಿಂಗು

ಸೀಳಿದ ಬಿದಿರು ದಬ್ಬೆಗೆ ಖರ್ಚಿಲ್ಲ, ನೀರು ಕೂಡಲೇ ಇಳಿಯುತ್ತದೆ. ಅದು ಮಾಡುವುದು ಮಾತ್ರ ಜಡೆಯ ನಡುವೆ ಒಂದು ತೂತು. ಆ ತೂತಿಗೆ ಬಟ್ಟೆ ಚೂರೋ ಸ್ಯಾನಿಟರಿ ಪ್ಯಾಡೋ ಸಿಕ್ಕಿದರೆ ಮತ್ತೆ ಮೊದಲಿನ ಸ್ಥಿತಿ. ದಬ್ಬೆ ಒಳಗೇ ಮುರಿದುಕೊಂಡರಂತೂ ಅಗೆಯದೆ ಗತಿಯಿಲ್ಲ. ಮನೆಗೆ ನೆಂಟರು ಬರುವ ದಿನದ ತುರ್ತಿಗೆ ಸರಿ.

ಕೆಲಸ ಮಾಡುವುದು ಮೋಟಾರಿನ ಸ್ಪ್ರಿಂಗು ಮಷಿನ್: ತುದಿಗೆ ಬ್ಲೇಡಿನ ತಲೆ ಸಿಕ್ಕಿಸಿದ ಉದ್ದ ಸ್ಪ್ರಿಂಗನ್ನು ಪೈಪಿನೊಳಗೆ ತಿರುಗಿಸುವಂಥದ್ದು. ನಾಲ್ಕಿಂಚಿನ ಲೈನಿಗೆ 16 ಎಂಎಂ ಸ್ಪ್ರಿಂಗು ನಡೆಯುತ್ತದಾದರೂ ಹಳೇ ಬೇರಿಗೆ 22 ಎಂಎಂ ಬೇಕು. ಅದು ಸುಮಾರು ನಾಲ್ಕೂವರೆ ಮೀಟರಿನ ತುಂಡುಗಳಲ್ಲಿ ಬರುತ್ತದೆ, ಒಂದಕ್ಕೊಂದು ಸಿಕ್ಕಿಸುತ್ತಾ ಹೋಗಬೇಕು. ನೇರವಾಗಿ ದೊಡ್ಡ ಬ್ಲೇಡು ಹಾಕಿದರೆ ಅದು ಜಡೆಯಲ್ಲಿ ಹೂತು, ಸ್ಪ್ರಿಂಗು ತಿರುಚಿಕೊಂಡು ಗಂಟಾಗುತ್ತದೆ. ಮೊದಲು ಈಟಿ ಮೂತಿಯ ತಲೆ ಹಾಕಿ ತೂತು ಮಾಡಿ ನಿಂತ ನೀರು ಬಿಡಿಸಬೇಕು. ಆಮೇಲೆ ಎರಡೂವರೆ ಇಂಚಿನ ಕಟರ್. ಕೊನೆಗೆ ಪೈಪಿನ ಒಳ ಅಳತೆಗಿಂತ ಅರ್ಧ ಇಂಚು ಕಮ್ಮಿ ಇರುವ ಕಟರ್. ಪೂರಾ ಅಳತೆಯ ಕಟರ್ ಹಾಕಿದರೆ ಸರಿದು ಕೂತ ಜಾಯಿಂಟಿನ ಅಂಚಿಗೆ ತಗಲಿ ಸ್ಟೋನ್‌ವೇರ್ ಚಕ್ಕೆ ಏಳುತ್ತದೆ.

ಸಾಧ್ಯವಾದಷ್ಟೂ ಕೆಳಗಿನ, ಒಣಗಿದ ಚೇಂಬರಿನಿಂದ ಮೇಲಕ್ಕೆ ಕೆಲಸ ಮಾಡಿ. ಅಡ್ಡಿ ಬಿಟ್ಟ ಕ್ಷಣ ಮೇಲೆ ನಿಂತದ್ದೆಲ್ಲ ಒಮ್ಮೆಗೇ ನುಗ್ಗುವುದರಿಂದ ಮುಖ ಹತ್ತಿರ ಇಡಬಾರದು. ಮೇಲಿನ ಚೇಂಬರಿಗೆ ತೋಟದ ಪೈಪಿನಿಂದ ನೀರು ಬಿಡುತ್ತಲೇ ಇದ್ದರೆ ಕಡಿದ ಚೂರು ತೇಲಿಕೊಂಡು ಬರುತ್ತದೆ. ಅದನ್ನು ಕೆಳಗಿನ ಚೇಂಬರಿನಲ್ಲೇ ಜಾಲರಿ ಅಡ್ಡ ಇಟ್ಟು ಎತ್ತಿ ಹಾಕಿ, ಇಲ್ಲದಿದ್ದರೆ ಮುಂದಿನ ಬೆಂಡಿನಲ್ಲಿ ಹೊಸ ಬ್ಲಾಕು. ಹಿಂದಕ್ಕೆ ತಿರುಗಿಸುವ ಸ್ವಿಚ್ಚು ಸಿಕ್ಕಿಕೊಂಡ ತಲೆ ಬಿಡಿಸಿಕೊಳ್ಳಲಷ್ಟೇ. ಹಿಮ್ಮುಖವಾಗಿ ಕಡಿಯಲು ಹೋದರೆ ತುಂಡಿನ ಕೊಂಡಿ ಕಳಚಿ ತಲೆ ಒಳಗೇ ಉಳಿಯುತ್ತದೆ. ಕೈಗೆ ಚರ್ಮದ ಗ್ಲೌಸು ಹಾಕಿ. ಬಟ್ಟೆಯದು ಸ್ಪ್ರಿಂಗಿಗೆ ಸುತ್ತಿಕೊಂಡು ಬೆರಳನ್ನೂ ಎಳೆಯುತ್ತದೆ. ಮಷಿನಿನ ಪ್ಲಗ್ಗು ಅರ್ತ್ ಇರುವ, ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿದುಕೊಳ್ಳುವ ಸ್ವಿಚ್ಚು) ಹಾಕಿದ ಲೈನಿನಲ್ಲೇ ಇರಲಿ.

ಲೈನು ಚೊಕ್ಕವಾಗುತ್ತದೆ, ಆದರೆ ಕಡಿದ ತುದಿಯಿಂದ ಒಂದರ ಬದಲು ನಾಲ್ಕು ಕವಲು ಹೊರಡುತ್ತದೆ. ಮೊದಲ ಕಡಿತಕ್ಕೆ ಸಿಕ್ಕಷ್ಟು ವಾಯಿದೆ ಮೂರನೆಯದಕ್ಕೆ ಸಿಗುವುದಿಲ್ಲ. ನಿಗದಿಯಾಗಿ ಕಡಿಸುವುದಿದ್ದರೆ ಕಟ್ಟುವ ತನಕ ಕಾಯದೆ ಶಿವರಾತ್ರಿಯ ಆಸುಪಾಸಿನಲ್ಲಿ ಮಾಡಿಸಿ.

ಪ್ರೆಷರ್ ಜೆಟ್

ಜೆಟ್ ಅಂದಾಗ ಎರಡು ಬೇರೆ ಬೇರೆ ಸಾಮಾನುಗಳನ್ನು ಒಂದೇ ಹೆಸರಿನಲ್ಲಿ ಕರೆಯುತ್ತಾರೆ. ಕಾರು ತೊಳೆಯುವ ಮಷಿನ್ನಿಗೆ ಡ್ರೈನ್ ಹೋಸು ಸಿಕ್ಕಿಸಿದರೆ 110ರಿಂದ 130 ಬಾರ್ ಒತ್ತಡ ಬರುತ್ತದೆ, ಆದರೆ ನಿಮಿಷಕ್ಕೆ ಹರಿಯುವ ನೀರು ಆರೇಳು ಲೀಟರ್. ಜಿಡ್ಡು, ಮರಳು, ಎಳೆ ಬೇರಿನ ರೋಮ ಹೋಗುತ್ತದೆ. ಪೆನ್ಸಿಲ್ ದಪ್ಪದ ಬೇರು ಅಲುಗುವುದೂ ಇಲ್ಲ. ಲಾರಿ ಮೇಲಿನ ಜೆಟ್ಟಿಂಗ್ ಮಷಿನ್ನಿಗೆ ಒತ್ತಡದ ಜೊತೆ ನೀರಿನ ಪ್ರಮಾಣವೂ ಇರುವುದರಿಂದ ಕಡಿಯುವ ನಾಜಲ್ ಹಾಕಿದರೆ ಬೇರು ಬರುತ್ತದೆ.

ಹಳೇ ಲೈನಿನಲ್ಲಿ ನಮಗೆ ಇದರ ಮೇಲೆ ಅಷ್ಟು ವಿಶ್ವಾಸವಿಲ್ಲ. ಬಿಟ್ಟ ಜಾಯಿಂಟಿಗೆ ಆ ನೀರು ಬಿದ್ದರೆ ಸುತ್ತಲಿನ ಮಣ್ಣು ತೊಳೆದುಕೊಂಡು ಪೈಪಿನೊಳಗೇ ಬರುತ್ತದೆ. ಕೆಳಗಿನ ಚೇಂಬರಿನಲ್ಲಿ ಕೆಂಪು ಮಣ್ಣಿನ ಗೋಡು ಕಂಡರೆ ತಕ್ಷಣ ನಿಲ್ಲಿಸಿ. ಪೈಪಿನಡಿ ಪೊಳ್ಳಾಗಿದೆ ಎಂದೇ ಅರ್ಥ. ಮಳೆಗಾಲದಲ್ಲಿ ಅಲ್ಲಿ ಪೈಪು ಕೂತು, ಇಳಿಜಾರು ಕೆಟ್ಟು, ಕೆಸರು ನಿಲ್ಲುತ್ತದೆ. ಇನ್ನೊಂದು ತಾಪತ್ರಯ ಮನೆಯೊಳಗಿನದು: ಗಾಳಿಯ ಒತ್ತಡಕ್ಕೆ ನೆಲಮಹಡಿಯ ಕಮೋಡಿನಿಂದ ನೀರು ಚಿಮ್ಮುತ್ತದೆ. ಮುಚ್ಚಳ ಹಾಕಿ ಮೇಲೊಂದು ಭಾರ ಇಡುವುದು, ವೆಂಟ್ ಪೈಪಿನ ಬಾಯಿ ಕಟ್ಟಿಲ್ಲ ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಸ್ಪ್ರಿಂಗಿನಲ್ಲಿ ಕಡಿದು, ಆಮೇಲೆ ಸಣ್ಣ ಜೆಟ್ಟಿನಲ್ಲಿ ತೊಳೆಯುವುದು ಇದ್ದದ್ದರಲ್ಲಿ ಸರಿಯಾದ ಜೋಡಿ.

ಮೈಲುತುತ್ತ

ಕಾಫಿ, ಅಡಿಕೆ ಇರುವ ಮನೆಗಳಲ್ಲಿ ಬೋರ್ಡೋ ದ್ರಾವಣಕ್ಕೆ (ಸುಣ್ಣ ಸೇರಿಸಿ ಬೆಳೆಗೆ ಹೊಡೆಯುವ ಮದ್ದಿಗೆ) ತಂದ ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್, ಗೋಡೌನಿನಲ್ಲಿ ಇದ್ದೇ ಇರುತ್ತದೆ. ಹಾಗಾಗಿ ಬೇರು ಅಂದ ಕೂಡಲೇ ಅರ್ಧ ಕೆಜಿ ಕಮೋಡಿಗೆ ಸುರಿದು ಫ್ಲಶ್ ಮಾಡುವ ಸಲಹೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆ ಧಾರಾಳ. ತಾಮ್ರ ಬೇರನ್ನು ಸುಡುವುದು ನಿಜ. ಸುಡಲು ಮೊದಲು ಮುಟ್ಟಬೇಕು. ಬೇರು ಹೆಚ್ಚಾಗಿ ಪೈಪಿನ ನೆತ್ತಿಯಿಂದ, ಪಕ್ಕದಿಂದ ಇಳಿಬಿದ್ದಿರುತ್ತದೆ. ದ್ರಾವಣ ಹರಿಯುವುದು ತಳದಲ್ಲಿ. ಜಡೆಯ ತುದಿ ಒದ್ದೆಯಾಗಿ ಕರಗುತ್ತದೆ, ಬುಡ ಹಾಗೇ ಇರುತ್ತದೆ. ಕೊಳಚೆಯಲ್ಲಿರುವ ಗಂಧಕದ ಅಂಶ ತಾಮ್ರದೊಡನೆ ಕೂಡಿ ಕರಗದ ಕಪ್ಪು ಗಸಿಯಾಗುವುದರಿಂದ ಹಾಕಿದ್ದರಲ್ಲಿ ಒಂದಷ್ಟು ದಾರಿಯಲ್ಲೇ ದಂಡ.

ಯುಜಿಡಿ (ಊರಿನ ಒಳಚರಂಡಿ) ಸಂಪರ್ಕ ಇಲ್ಲದ ಮನೆಗೆ ಇದು ಬೇಡವೇ ಬೇಡ. ಸೆಪ್ಟಿಕ್ ಟ್ಯಾಂಕಿನ ಮಲ ಕರಗಿಸುವ ಬ್ಯಾಕ್ಟೀರಿಯಾ ತಾಮ್ರಕ್ಕೆ ಸಾಯುತ್ತವೆ, ಟ್ಯಾಂಕು ಬೇಗ ತುಂಬುತ್ತದೆ. ಇಂಗುಗುಂಡಿಯ ಮೂಲಕ ಹೋದದ್ದು ಮಣ್ಣಿನಲ್ಲೇ ಉಳಿಯುತ್ತದೆ, ಬಾವಿ ಹತ್ತಿರವಿದ್ದರೆ ಅದೂ ಚಿಂತೆಯೇ. ಬೀಡುಕಬ್ಬಿಣದ ಪೈಪಿದ್ದರೆ ಇನ್ನೊಂದು ಕಾರಣ: ಬೋರ್ಡೋ ಹದ ನೋಡಲು ಅದ್ದಿದ ಕತ್ತಿಯ ಮೇಲೆ, ಸುಣ್ಣ ಸಾಲದಿದ್ದಾಗ, ಕೆಂಪು ಕೂರುವುದನ್ನು ತೋಟದವರೆಲ್ಲ ಕಂಡಿದ್ದಾರೆ. ಪೈಪಿನ ಕಬ್ಬಿಣ ತಿನ್ನುವುದೂ ಅದೇ ಕ್ರಿಯೆ.

ಕಾಸ್ಟಿಕ್ ಸೋಡಾ ಜಿಡ್ಡಿಗೆ ಸರಿ, ಬೇರಿಗೆ ಏನೂ ಮಾಡುವುದಿಲ್ಲ. ಆ್ಯಸಿಡ್ಡು ಜಾಯಿಂಟಿನ ಸಿಮೆಂಟನ್ನೇ ತಿಂದು ಬೇರಿಗೆ ಬಾಗಿಲು ಅಗಲ ಮಾಡಿಕೊಡುತ್ತದೆ. ಇವುಗಳಲ್ಲಿ ಯಾವುದನ್ನಾದರೂ ಸುರಿದ ಮೇಲೆ ಪ್ಲಂಬರನ್ನು ಕರೆದರೆ ಅವರಿಗೆ ಹೇಳಿ. ಸ್ಪ್ರಿಂಗು ಸಿಡಿಸುವ ಹನಿ ಕಣ್ಣಿಗೆ ಬೀಳುತ್ತದೆ.

ಅಗೆದು ಬದಲಿಸುವುದು

ಕಡಿದ ಮೇಲೆ ಕ್ಯಾಮೆರಾದಲ್ಲಿ ಒಂದೇ ಜಾಯಿಂಟಿನಿಂದ ಬೇರು ಬಂದಿದ್ದು ಕಂಡರೆ ಅಷ್ಟು ಜಾಗ ಮಾತ್ರ ಅಗೆಯಿರಿ. ಎರಡು ಮೂರು ಕಡೆ ಕಂಡರೆ ಚೇಂಬರಿನಿಂದ ಚೇಂಬರಿಗೆ ಪೂರಾ ಬದಲಿಸುವುದೇ ಅಗ್ಗ, ಯಾಕೆಂದರೆ ಉಳಿದ ಜಾಯಿಂಟುಗಳೂ ಅದೇ ವಯಸ್ಸಿನವು.

ಸ್ಟೋನ್‌ವೇರಿಗೆ ಬದಲಾಗಿ ಎರಡು ಆಯ್ಕೆ. ಒಂದು, 110 ಎಂಎಂ ಯುಪಿವಿಸಿ. ಟೈಪ್ ಎ ಎಂದಿರುವ ತೆಳು ಪೈಪು ವೆಂಟಿಗೂ ಮಳೆನೀರಿಗೂ ಇರುವುದು, ಅದನ್ನು ಹೂಳಬೇಡಿ. ಟೈಪ್ ಬಿ ಕೇಳಿ, ಮೇಲೆ ಕಾರು ಓಡಾಡುವುದಿದ್ದರೆ ನೆಲದಡಿಗೆಂದೇ ಬರುವ ಐಎಸ್ 15328ರ ಪೈಪು. ಎರಡು, ಎಚ್‌ಡಿಪಿಇ ಪೈಪಿಗೆ ಬಟ್ ವೆಲ್ಡಿಂಗ್ (ತುದಿಗಳನ್ನು ಕಾಯಿಸಿ ಒಂದಕ್ಕೊಂದು ಒತ್ತಿ ಬೆಸೆಯುವುದು): ಜಾಯಿಂಟೇ ಇಲ್ಲದಂತಾಗುವುದರಿಂದ ಬೇರಿಗೆ ಇದಕ್ಕಿಂತ ಗಟ್ಟಿ ಉತ್ತರವಿಲ್ಲ. ತೋಟಕ್ಕೆ ನೀರಿನ ಲೈನು ಎಳೆಯುವವರ ಹತ್ತಿರ ವೆಲ್ಡಿಂಗ್ ಮಷಿನ್ ಇರುತ್ತದೆ, ಆದರೆ ಹತ್ತು ಮೀಟರಿಗೆ ಅವರು ಬರಲು ಒಪ್ಪಬೇಕು. ಒಪ್ಪದಿದ್ದರೆ ಯುಪಿವಿಸಿಯೇ ಸಾಕು. ಆರು ಮೀಟರ್ ಉದ್ದದ ಪೈಪು ತಂದರೆ ಹದಿನಾರರ ಜಾಗದಲ್ಲಿ ಒಂದೇ ಜಾಯಿಂಟು. ರಬ್ಬರ್ ರಿಂಗಿನ ಜಾಯಿಂಟಿಗಿಂತ ಸಾಲ್ವೆಂಟ್ (ಪ್ಲಾಸ್ಟಿಕ್ ಪೈಪಿನ ಅಂಟು) ಹಾಕಿದ್ದನ್ನು ನಾವು ಬೇರಿನ ಪಕ್ಕ ಹೆಚ್ಚು ನಂಬುತ್ತೇವೆ: ರಿಂಗು ಕೂರಿಸುವಾಗ ಮಡಚಿಕೊಂಡರೆ ಮೇಲಿಂದ ಗೊತ್ತಾಗುವುದಿಲ್ಲ, ಬೇರಿಗೆ ಗೊತ್ತಾಗುತ್ತದೆ. ರಿಂಗನ್ನೇ ಹಾಕುವುದಾದರೆ ಪೈಪಿನ ಅಂಚು ಅರದಲ್ಲಿ ಓರೆ ಮಾಡಿ, ಸೋಪಿನ ನೀರು ಸವರಿ, ಪೂರ್ತಿ ತಳ್ಳಿ, 10 ಎಂಎಂ ಹಿಂದಕ್ಕೆ ಎಳೆಯಿರಿ. ಗ್ರೀಸು ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ.

ಇಳಿಜಾರು 40ಕ್ಕೆ 1 ಇದ್ದರೆ ಹತ್ತು ಮೀಟರಿಗೆ 25 ಸೆಂಮೀ ಇಳಿತ, 60ಕ್ಕೆ 1 ಇದ್ದರೆ ಸುಮಾರು 17 ಸೆಂಮೀ. ಕಣ್ಣಳತೆಗೆ ಬಿಡದೆ ಲೆವೆಲ್ ಟ್ಯೂಬಿನಲ್ಲಿ (ನೀರು ತುಂಬಿದ ಪಾರದರ್ಶಕ ಕೊಳವೆಯಲ್ಲಿ) ನೋಡಿ ಗೂಟ ಹೊಡೆಯಿರಿ. ತಳಕ್ಕೆ ನಾಲ್ಕಿಂಚು ಮರಳು, ಪೈಪಿನ ಪಕ್ಕ ಮತ್ತು ಮೇಲೂ ಅಷ್ಟೇ. ಅಗೆದ ಕಲ್ಲು ಮಣ್ಣನ್ನು ನೇರ ಪೈಪಿನ ಮೇಲೆ ತಳ್ಳಬಾರದು.

ಹೊಸ ಪೈಪಿಗೂ ಬೇರು ಬಂತು ಎನ್ನುವ ದೂರು ಬಹುಪಾಲು ಚೇಂಬರಿನ ಗೋಡೆಯದು. ಯುಪಿವಿಸಿ ನುಣುಪು, ಸಿಮೆಂಟು ಅದಕ್ಕೆ ಹಿಡಿಯುವುದಿಲ್ಲ. ಒಣಗಿದಾಗ ಸುತ್ತ ಉಂಗುರದಂತೆ ಸಂದು ಬಿಡುತ್ತದೆ. ಗೋಡೆಯೊಳಗೆ ಬರುವಷ್ಟು ಭಾಗಕ್ಕೆ ಸಾಲ್ವೆಂಟ್ ಸಿಮೆಂಟು ಬಳಿದು, ಹಸಿ ಇರುವಾಗಲೇ ಒಣ ಮರಳು ಉದುರಿಸಿ, ಒಣಗಿದ ಮೇಲೆ ಗಾರೆ ಕಟ್ಟಿ. ಹತ್ತು ನಿಮಿಷದ ಕೆಲಸ, ಮೇಸ್ತ್ರಿಗಳು ಹೇಳದಿದ್ದರೆ ಮಾಡುವುದಿಲ್ಲ. ಹಳೇ ಸ್ಟೋನ್‌ವೇರಿಗೂ ಹೊಸ ಪೈಪಿಗೂ ಮಣ್ಣೊಳಗೆ ಸಿಮೆಂಟಿನಲ್ಲಿ ಗಂಟು ಹಾಕಿಸಬೇಡಿ. ಆ ಜಾಗಕ್ಕೊಂದು ಚೇಂಬರ್ ಕಟ್ಟಿಸಿ, ಇಲ್ಲವೇ ಸ್ಟೀಲ್ ಕ್ಲಾಂಪಿನ ರಬ್ಬರ್ ಕಪ್ಲಿಂಗ್ ಹಾಕಿಸಿ. ಮಣ್ಣು ಮುಚ್ಚುವ ಮೊದಲು ಕೆಳಗಿನ ಬಾಯಿ ಬಿಗಿದು ನೀರು ತುಂಬಿ, ಮೇಲಿನ ಚೇಂಬರಿನ ಗೋಡೆಗೆ ಮಟ್ಟದ ಗುರುತು ಹಾಕಿ ಅರ್ಧ ಗಂಟೆ ಬಿಡಿ. ಮಟ್ಟ ಇಳಿದರೆ ಜಾಯಿಂಟು ಹುಡುಕಿ.

ಯಾವ ಕೆಲಸಕ್ಕೂ, ಯಾವ ಕಾರಣಕ್ಕೂ, ಸೆಪ್ಟಿಕ್ ಟ್ಯಾಂಕಿಗಾಗಲಿ ಆಳದ ಮ್ಯಾನ್‌ಹೋಲಿಗಾಗಲಿ ಮನುಷ್ಯರನ್ನು ಇಳಿಸಬಾರದು. ರಕ್ಷಣಾ ಸಾಮಗ್ರಿ ಇಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಡಿ ಅಪರಾಧ. ಒಳಗಿನ ಗಾಳಿ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಿಸಬಲ್ಲದು.

ಮರವನ್ನೇ ಕಡಿದರೆ?

ತೆಂಗು, ಸಿಲ್ವರ್ ಓಕ್‌ನಂಥ ವಿನಾಯಿತಿ ಇರುವ ಜಾತಿಗಳನ್ನು ಬಿಟ್ಟು ಉಳಿದ ಮರಗಳಿಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕಡಿದರೂ ಹೊಂಗೆ, ನುಗ್ಗೆಯಂಥವು ಬುಡದಿಂದ ಚಿಗುರುತ್ತವೆ, ಬೇರು ಜೀವಂತವಾಗೇ ಇರುತ್ತದೆ. ಸತ್ತ ಬೇರು ಕೊಳೆತರೆ ಅದು ಇದ್ದ ಜಾಗ ಕೊಳವೆಯಾಗಿ ಉಳಿದು ಸೋರುತ್ತದೆ. ಅಂದರೆ ಪೈಪಿನ ರಿಪೇರಿ ಹೇಗೂ ತಪ್ಪಲಿಲ್ಲ.

ಮರ ಉಳಿಸಿಕೊಂಡು ಪೈಪು ಬದಲಿಸುವವರು ಟ್ರೆಂಚು ತೆರೆದಿರುವಾಗಲೇ ಮರದ ಕಡೆಗೆ ಒಂದು ಎಂಎಂ ದಪ್ಪದ ಎಚ್‌ಡಿಪಿಇ ಹಾಳೆಯನ್ನು ಎರಡರಿಂದ ಮೂರು ಅಡಿ ಆಳಕ್ಕೆ ನಿಲ್ಲಿಸಿ ಮಣ್ಣು ಮುಚ್ಚಬಹುದು. ಹಾಳೆಯ ಮೇಲಂಚು ನೆಲದಿಂದ ಒಂದಿಂಚು ಮೇಲಿರಲಿ, ಇಲ್ಲದಿದ್ದರೆ ಬೇರು ಅದನ್ನು ಹತ್ತಿ ದಾಟುತ್ತದೆ. ಕಾಂಡದ ದಪ್ಪದ ಮೂರರಿಂದ ಐದು ಪಟ್ಟು ದೂರದೊಳಗೆ ಅಗೆಯಬೇಡಿ. ಗಾಳಿ ಬರುವ ಪಡುವಣ ದಿಕ್ಕಿನ ದಪ್ಪ ಬೇರುಗಳನ್ನು ಕಡಿದರೆ ಜೂನ್ ಜುಲೈನ ಗಾಳಿಗೆ ಮರ ಮನೆಯ ಮೇಲೆ ಬೀಳಬಹುದು. ಅಷ್ಟು ಜಾಗವಿಲ್ಲದಿದ್ದರೆ ಮರ, ಹಳೇ ಪೈಪು ಎರಡನ್ನೂ ಅಲ್ಲೇ ಬಿಟ್ಟು, ಲೈನನ್ನು ಮನೆಯ ಇನ್ನೊಂದು ಪಕ್ಕದಿಂದ ತಿರುಗಿಸಿ. ಹಳೇ ಪೈಪಿನ ಎರಡೂ ಬಾಯಿಗಳನ್ನು ಚೇಂಬರಿನೊಳಗೆ ಇಟ್ಟಿಗೆ ಗಾರೆಯಿಂದ ಮುಚ್ಚಿಸಿ; ತೆರೆದು ಬಿಟ್ಟರೆ ಬೇರು ಅದರೊಳಗಿಂದಲೇ ಚೇಂಬರಿಗೆ ಬರುತ್ತದೆ, ಇಲಿಗಳೂ ಬರುತ್ತವೆ.