ಲೈನ್ ಒಂದೇ, ಫೋನೂ ಬೇಕು ಫ್ಯಾಕ್ಸೂ ಬೇಕು: ನಾವು ಮಾಡಿ ನೋಡಿದ್ದು

ಶಿವಮೊಗ್ಗದ ನಮ್ಮ ಅಡಿಕೆ ಮಂಡಿಗೆ ಲ್ಯಾಂಡ್‌ಲೈನ್ ಒಂದೇ. ತೀರ್ಥಹಳ್ಳಿ, ಹೊಸನಗರ ಕಡೆಯ ಬೆಳೆಗಾರರು ರಾಶಿ ಎಷ್ಟು, ಬೆಟ್ಟೆ ಎಷ್ಟು ಅಂತ ಅಡಿಕೆಯ ಒಂದೊಂದು ಬಗೆಯ ಧಾರಣೆ ಕೇಳುವುದು ಅದರಲ್ಲೇ. ವಾಟ್ಸಾಪ್ ಬಂದ ಮೇಲೂ ಸೀಲು, ಸಹಿ ಇರುವ ಕಾಗದವನ್ನು ಫ್ಯಾಕ್ಸಲ್ಲೇ ಕಳಿಸುವ ಹಳೇ ಗಿರಾಕಿಗಳಿದ್ದಾರೆ, ಅದು ಬರುವುದೂ ಅದೇ ಲೈನಿಗೆ. ಇನ್ನೊಂದು ಲೈನಿಗೆ ಸುಮ್ನೆ ಬಾಡಿಗೆ ಯಾಕೆ ಅಂತ ಇರುವುದರಲ್ಲೇ ಹಂಚಿಕೊಳ್ಳುವ ದಾರಿಗಳನ್ನು ಒಂದೊಂದಾಗಿ ನೋಡಿದೆವು.

ಮೊದಲು ಮೆಷೀನಿನಲ್ಲೇ ಇರುವ ಆಟೋ ಮೋಡ್. ಕೇಳುವುದಕ್ಕೆ ಇದೇ ಚಂದ. ಕಳಿಸುವ ಫ್ಯಾಕ್ಸ್ ಮೆಷೀನು ಸುಮಾರು ಮೂರು ಸೆಕೆಂಡಿಗೊಮ್ಮೆ 1100 ಹರ್ಟ್ಸ್‌ನ ಒಂದು ಸಣ್ಣ 'ಕುಯ್' ಕೊಡುತ್ತದೆ. ನಮ್ಮ ಮೆಷೀನು ತಾನೇ ಲೈನ್ ಎತ್ತಿ, ಆ ಸದ್ದು ಕೇಳಿದರೆ ಕಾಗದ ತೆಗೆದುಕೊಳ್ಳುತ್ತದೆ, ಇಲ್ಲದಿದ್ದರೆ ಮನುಷ್ಯರು ಅಂತ ಗಂಟೆ ಹೊಡೆಯುತ್ತದೆ. ತೊಂದರೆ ಇರುವುದು ಆ 'ತಾನೇ ಎತ್ತಿ' ಅನ್ನುವುದರಲ್ಲಿ. ಅದು ಎತ್ತಿದ ಗಳಿಗೆಯಿಂದ ಆ ಕಡೆಯವರಿಗೆ ಕಾಲ್ ಚಾರ್ಜ್ ಶುರು. ಎಕ್ಸ್‌ಚೇಂಜಿನ ರಿಂಗ್ ಅಲ್ಲಿಗೇ ನಿಂತಿರುತ್ತದೆ, ಹಾಗಾಗಿ ಮಂಡಿಯ ಹಿಂದುಗಡೆ ಮನೆಯಲ್ಲಿ ಅದೇ ಲೈನಿಗೆ ಹಾಕಿದ ಇನ್ನೊಂದು ಫೋನ್ (ಪ್ಯಾರಲಲ್ ಫೋನ್) ಮತ್ತೆ ಬಡಿಯುವುದಿಲ್ಲ. ಆಮೇಲಿನ ಗಂಟೆ ಮೆಷೀನಿನದ್ದೇ, ಅದು ಮುಂದಿನ ಕೋಣೆಯಲ್ಲಿ ಮಾತ್ರ. ಮಳೆಗಾಲದಲ್ಲಿ ಹಂಚಿನ ಮೇಲೆ ಮಳೆ ಹೊಯ್ಯುವಾಗ ಅದು ಯಾರಿಗೆ ಕೇಳಬೇಕು? "ಯಾರೂ ಮಾತಾಡೋದೇ ಇಲ್ವಲ್ಲ ಮಾರಾಯ್ರೇ" ಅಂತ ಬೆಳೆಗಾರರು ಬೇಜಾರು ಮಾಡಿಕೊಂಡರು. ಸಾಲದ್ದಕ್ಕೆ, ರಿಸೀವರ್ ಎತ್ತಿ ಕೈಯಲ್ಲೇ ಡಯಲ್ ಮಾಡಿ ಕಳಿಸಿದರೆ ಕೆಲವು ಹಳೇ ಮೆಷೀನುಗಳು ಆ 'ಕುಯ್' ಕೊಡುವುದೇ ಇಲ್ಲ. ಆಗ ಫ್ಯಾಕ್ಸೂ ಮನುಷ್ಯರ ಲೆಕ್ಕಕ್ಕೆ ಹೋಗುತ್ತದೆ.

ಲೈನಿಗೂ ಉಪಕರಣಕ್ಕೂ ನಡುವೆ ಕೂರಿಸುವ ಸ್ವಿಚ್ ಬಾಕ್ಸ್ ಕೂಡ ಹೆಚ್ಚುಕಮ್ಮಿ ಇದೇ ಕೆಲಸ ಮಾಡುತ್ತದೆ. ಒಂದು ಗುಣ ಏನೆಂದರೆ, ಫೋನಿನ ಕಡೆಗೆ ಹಾಕಿದ ಸೆಟ್ಟುಗಳಿಗೆಲ್ಲ ಅದೇ ರಿಂಗ್ ಕೊಡುತ್ತದೆ. ಚಾರ್ಜಿನ ತಕರಾರು ಮಾತ್ರ ಹಾಗೇ. ಕರೆಂಟಿಗೆ ಸಿಕ್ಕಿಸುವ ಇನ್ನೊಂದು ಅಡಾಪ್ಟರ್ ಬೇರೆ.

ಆನ್ಸರಿಂಗ್ ಮೆಷೀನ್ ಜೊತೆ ಸೇರಿಸುವುದು ರಾತ್ರಿಗೆ, ಭಾನುವಾರಕ್ಕೆ ಚೆನ್ನಾಗಿದೆ. ಅದರಲ್ಲಿ ನಾವು ರೆಕಾರ್ಡ್ ಮಾಡಿಡುವ ಮಾತು 20 ಸೆಕೆಂಡ್ ಒಳಗೆ ಮುಗಿಯಬೇಕು, ಶುರುವಿನಲ್ಲಿ ನಾಲ್ಕೈದು ಸೆಕೆಂಡ್ ಸುಮ್ಮನಿರಬೇಕು. ಇಲ್ಲದಿದ್ದರೆ ನಮ್ಮ ದನಿಯಲ್ಲೇ ಆ 'ಕುಯ್' ಮುಚ್ಚಿಹೋಗುತ್ತದೆ. ಹಗಲು ಹೊತ್ತಿಗೆ ಬೇಡ. ಧಾರಣೆ ಕೇಳಲು ಮಾಡಿದವರು ಮೆಷೀನಿನ ಜೊತೆ ಯಾಕೆ ಮಾತಾಡ್ತಾರೆ?

ನಮಗೆ ಹಿಡಿಸಿದ್ದು ಮ್ಯಾನುಯಲ್. ಫ್ಯಾಕ್ಸ್ ತಾನಾಗಿ ಎತ್ತದ ಹಾಗೆ ಇಟ್ಟು, ಮನೆಯ ಪ್ಯಾರಲಲ್ ಫೋನಿಗೆ ಕರೆಂಟಿಗೆ ಸಿಕ್ಕಿಸದ ಸಾದಾ ಸೆಟ್ಟನ್ನೇ ಇಟ್ಟುಕೊಂಡೆವು. ಅತ್ತಿಗೆ ಎತ್ತಿ "ಹಲೋ" ಅಂತಾರೆ. ಆ ಕಡೆ ಮಾತಿಲ್ಲದೆ 'ಕುಯ್' ಕೇಳಿದರೆ ಸ್ಟಾರ್, ಐದು, ಒಂದು ಒತ್ತಿ, ಮೆಷೀನು ಹಿಡಿದುಕೊಳ್ಳುವವರೆಗೆ ಕಾದು ರಿಸೀವರ್ ಇಡ್ತಾರೆ. ಮುಂದಿನ ಕೋಣೆಯಲ್ಲಿ ಕಾಗದ ಹೊರಬರುತ್ತದೆ, ಅಡಿಕೆ ತೂಗುವುದನ್ನು ಬಿಟ್ಟು ಯಾರೂ ಓಡಬೇಕಿಲ್ಲ. ಇದು ಬ್ರದರ್ ಮೆಷೀನಿನ ಕೋಡ್. ಬೇರೆ ಕಂಪನಿಯದ್ದು ಬೇರೆ ಇರುತ್ತದೆ, ಜೊತೆಗೆ ಬಂದ ಪುಸ್ತಕದಲ್ಲಿ ನೋಡಿಕೊಳ್ಳಿ. ಸೆಟ್ಟಿನ ಸ್ವಿಚ್ಚು ಪಲ್ಸ್‌ನಲ್ಲಿದ್ದರೆ ಕೋಡ್ ಕೆಲಸ ಮಾಡಲ್ಲ, ಟೋನಿಗೆ ಹಾಕಬೇಕು. ತಾಮ್ರದ ಲೈನಾದರೆ ಸಾದಾ ಫೋನಿಗೆ ಕರೆಂಟ್ ಎಕ್ಸ್‌ಚೇಂಜಿನಿಂದಲೇ ಬರುತ್ತದೆ. ಮನೆಯಲ್ಲಿ ದೀಪ ಹೋದರೂ ಬೆಳೆಗಾರರ ಫೋನ್ ತಪ್ಪುವುದಿಲ್ಲ. ನಮ್ಮ ಕಡೆ ಜೂನಿನಿಂದ ಇದು ಸಣ್ಣ ವಿಷಯ ಅಲ್ಲ ಅಲ್ವಾ?

ಯಾರಾದರೂ ಮನೆಯಲ್ಲಿರಬೇಕು, ಅದೊಂದೇ ಇದರ ಕೊರತೆ. ಅದಕ್ಕೆ ರಾತ್ರಿ ಆನ್ಸರಿಂಗ್ ಮೆಷೀನ್ ಹಚ್ಚಿಡುತ್ತೇವೆ. ಯಾವ ದಾರಿ ಹಿಡಿದರೂ ಕಾಲ್ ವೇಟಿಂಗ್ ತೆಗೆಸಿ, ಅದರ ಬೀಪ್ ನಡುವೆ ಬಂದರೆ ಫ್ಯಾಕ್ಸ್ ಅರ್ಧಕ್ಕೇ ಕಡಿದು ಹೋಗಬಹುದು. ಗುಡುಗು ಬರುವ ಹಾಗಿದ್ದರೆ ಪ್ಲಗ್ ಒಂದನ್ನೇ ಕಿತ್ತರೆ ಸಾಲದು, ಅದು ಶುರುವಾಗುವ ಮೊದಲೇ ಫೋನ್ ವೈರನ್ನೂ ಮೆಷೀನಿನಿಂದ ಬಿಡಿಸಿಡಿ.