ಧೂಮಕೇತು ಯಾವಾಗ ಕಾಣುತ್ತದೆ? ಪೊಸಡಿಗುಂಪೆಯಿಂದ ಒಂದು ಹೋಲಿಕೆ

ನಮ್ಮ ಮನೆ ಇರುವುದು ಕಾಸರಗೋಡಿನ ಬದಿಯಡ್ಕದ ಸಮೀಪ, ಅಡಿಕೆ ತೋಟದ ತಗ್ಗಿನಲ್ಲಿ. ಅಂಗಳದಲ್ಲಿ ನಿಂತು ಕತ್ತೆತ್ತಿದರೆ ಕಾಣುವುದು ಸೋಗೆಗಳ ನಡುವಿನ ಒಂದು ತುಂಡು ಆಕಾಶ. ಧೂಮಕೇತುವೋ ಸೂರ್ಯನ ಸಮೀಪ ಬಂದಾಗಲೇ ಬೆಳಗುವಂಥದ್ದು. ಹಾಗಾಗಿ ಹೆಚ್ಚಾಗಿ ಮುಸ್ಸಂಜೆಯಲ್ಲೋ ಬೆಳಗಿನ ಜಾವದಲ್ಲೋ ದಿಗಂತದ ಹತ್ತಿರ ಅರ್ಧ ಮುಕ್ಕಾಲು ಗಂಟೆ ಸಿಗುತ್ತದೆ, ಅಷ್ಟೆ. ‘ಈ ವಾರ ಕಾಣುತ್ತದೆ’ ಎಂಬ ಸುದ್ದಿಯನ್ನು ನಂಬಿ ನಾನು ಸ್ಕೂಟರ್ ಹೊರಗೆ ತೆಗೆಯುವುದಿಲ್ಲ. ಎಷ್ಟು ಗಂಟೆಗೆ, ಯಾವ ದಿಕ್ಕಿನಲ್ಲಿ, ಎಷ್ಟು ಎತ್ತರದಲ್ಲಿ, ಬರಿಗಣ್ಣಿಗೋ ಬೈನಾಕ್ಯುಲರಿಗೋ ಎಂಬುದು ಗೊತ್ತಾಗಬೇಕು. 2024ರ ತ್ಸುಚಿನ್ಶಾನ್-ಅಟ್ಲಾಸ್ ಮತ್ತು 2025ರ ಲೆಮ್ಮನ್, ಈ ಎರಡು ಧೂಮಕೇತುಗಳ ಬೆನ್ನು ಹತ್ತಿದಾಗ ಇದನ್ನು ತಿಳಿಸುವ, ಕೈಗೆ ಸಿಕ್ಕಿದ ಮೂಲಗಳನ್ನೆಲ್ಲ ಬಳಸಿ ಹೋಲಿಸಿ ನೋಡಿದೆ.

ಪತ್ರಿಕೆ ಮತ್ತು ವಾಟ್ಸ್ಆ್ಯಪ್ ಸುದ್ದಿಯ ಬಗ್ಗೆ ಹೆಚ್ಚು ಹೇಳುವಂತಿಲ್ಲ. ‘80,000 ವರ್ಷಗಳಿಗೊಮ್ಮೆ’ ಎಂಬುದನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ; ಪಶ್ಚಿಮದಲ್ಲಿ ಎಷ್ಟು ಹೊತ್ತಿಗೆ ಎಂಬುದನ್ನು ಹಾಕುವುದಿಲ್ಲ. ಜೊತೆಗಿರುವ ಚಿತ್ರ ದೀರ್ಘ ಎಕ್ಸ್‌ಪೋಶರಿನಲ್ಲಿ ಎಲ್ಲೋ ಮರುಭೂಮಿಯಲ್ಲಿ ತೆಗೆದದ್ದು. ಅದನ್ನು ನೋಡಿ ಹೊರಟ ಮಕ್ಕಳು ಆಕಾಶ ನೋಡಿ ಮುಖ ಚಿಕ್ಕದು ಮಾಡಿಕೊಳ್ಳುತ್ತಾರೆ.

ಹೆವೆನ್ಸ್-ಅಬೋವ್ ತಾಣ ನನಗೆ ಮೊದಲಿನಿಂದಲೂ ಪರಿಚಿತ. ಬಾಹ್ಯಾಕಾಶ ನಿಲ್ದಾಣ ಹಾದುಹೋಗುವ ಹೊತ್ತನ್ನು ಅದರಲ್ಲೇ ನೋಡುವುದು. ಧೂಮಕೇತುಗಳಿಗೂ ಅಲ್ಲೊಂದು ಪುಟವಿದೆ. ಈಗ ಯಾವುದು ಪ್ರಕಾಶಮಾನ, ಯಾವ ರಾಶಿಯ ಹತ್ತಿರ ಎಂಬುದನ್ನು ಒಂದೇ ನೋಟಕ್ಕೆ ಕೊಡುತ್ತದೆ. ನಮ್ಮ ಊರನ್ನು ಮೊದಲು ಗುರುತಿಸಬೇಕು. ಇಲ್ಲದಿದ್ದರೆ ಸೊನ್ನೆ ಅಕ್ಷಾಂಶ, ಸೊನ್ನೆ ರೇಖಾಂಶದ, ಅಂದರೆ ಆಫ್ರಿಕಾದ ಬದಿಯ ಸಮುದ್ರದ ನಡುವಿನ ಆಕಾಶ ತೋರಿಸುತ್ತದೆ. ಅವಸರದಲ್ಲಿರುವವರಿಗೆ ಇಷ್ಟು ಸಾಕು.

ಆಕಾಶವನ್ನು ಪರದೆಯ ಮೇಲೆ ತೋರಿಸುವ ಸ್ಟೆಲೇರಿಯಂ ತಂತ್ರಾಂಶ ಕಣ್ಣಿಗೆ ಹಬ್ಬ. ಶುಕ್ರ ಎಲ್ಲಿ, ಸ್ವಾತಿ ನಕ್ಷತ್ರ ಎಲ್ಲಿ, ಇವೆರಡರ ನಡುವೆ ಧೂಮಕೇತು ಎಲ್ಲಿ ಎಂಬುದನ್ನು ಹಿಂದಿನ ರಾತ್ರಿಯೇ ಮನೆಯೊಳಗೆ ಕುಳಿತು ಅಭ್ಯಾಸ ಮಾಡಿಕೊಳ್ಳಬಹುದು. ಕಂಪ್ಯೂಟರಿನ ಆವೃತ್ತಿಯಲ್ಲಿ ಹೊಸ ಧೂಮಕೇತುವನ್ನು ನಾವೇ ಸೇರಿಸಬೇಕಾಗುತ್ತದೆ. ಧೂಮಕೇತು, ಕ್ಷುದ್ರಗ್ರಹಗಳ ದಾಖಲೆ ಇಡುವ ಮೈನರ್ ಪ್ಲಾನೆಟ್ ಸೆಂಟರಿನ ಕಕ್ಷೆಯ ಅಂಕಿಗಳನ್ನು ತರಿಸಿಕೊಳ್ಳುವ ಅನುಕೂಲ ಅದರೊಳಗೇ ಇದೆ, ತಾಳ್ಮೆ ಬೇಕು. ಆದರೆ ಪರದೆಯ ಮೇಲೆ ಬಾಲವೆಲ್ಲ ಚಂದಕ್ಕೆ ಹೊಳೆಯುವಾಗ ‘ಇದು ಕಂಡೇ ಕಾಣುತ್ತದೆ’ ಎಂಬ ಭ್ರಮೆ ಬಂದುಬಿಡುತ್ತದೆ. 2024ರ ಅಕ್ಟೋಬರ್ 15ರಂದು ಆ ಭ್ರಮೆಯಲ್ಲೇ ತ್ಸುಚಿನ್ಶಾನ್ ನೋಡಲು ಕುಂಬಳೆಯ ಕಡಲ ತೀರಕ್ಕೆ ಹೋದೆ. ದಿಗಂತದ ಮೇಲೆ ಒಂದೂವರೆ ಮುಷ್ಟಿ ಎತ್ತರ; ಕೈ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ. ಕಡಲ ಮಂಜು ಒಂದು ಕಡೆ, ಬೆನ್ನ ಹಿಂದೆ ಹುಣ್ಣಿಮೆಗೆ ಎರಡೇ ದಿನ ಉಳಿದಿದ್ದ ಚಂದ್ರ ಇನ್ನೊಂದು ಕಡೆ. ಮೀನುಗಾರಿಕೆಯ ದೋಣಿಗಳ ದೀಪ ಎಣಿಸಿ ಬಂದೆ.

ನನ್ನ ಮತ ಆಕಾಶಕಾಯಗಳ ಸ್ಥಾನವನ್ನು ಲೆಕ್ಕ ಹಾಕಿ ಕೊಡುವ ನಾಸಾದ ಜೆಪಿಎಲ್ ಹೊರೈಜನ್ಸ್ ತಾಣಕ್ಕೆ. ನೋಡಲು ಬ್ಯಾಂಕಿನ ಪಾಸ್‌ಬುಕ್ಕಿನ ಹಾಗೆ, ಬರೀ ಅಂಕಿಗಳ ಸಾಲು. ಆದರೆ ನಮ್ಮ 12.5 ಡಿಗ್ರಿ ಅಕ್ಷಾಂಶ, 75 ಡಿಗ್ರಿ ರೇಖಾಂಶ ಕೊಟ್ಟು ಹತ್ತು ನಿಮಿಷಕ್ಕೊಂದು ಸಾಲು ಕೇಳಿದರೆ ಎತ್ತರ, ದಿಕ್ಕು ಎಲ್ಲ ಕೊಡುತ್ತದೆ. ದಿಕ್ಕಿನ ಅಂಕಿ 270 ಎಂದರೆ ನೇರ ಪಶ್ಚಿಮ. ಇದರಲ್ಲಿ ಒಂದು ಗುಂಡಿ ಇದೆ, ನಾನು ಅದರಲ್ಲಿ ಬಿದ್ದವನು. ನಾವು ಬದಲಾಯಿಸದಿದ್ದರೆ ಪಟ್ಟಿಯ ಗಂಟೆಯೆಲ್ಲ ಯುಟಿ, ಜಾಗತಿಕ ಕಾಲ; ಅದಕ್ಕೆ ಐದೂವರೆ ಗಂಟೆ ಕೂಡಿಸಬೇಕು. 2024ರ ಸೆಪ್ಟೆಂಬರ್ ಕೊನೆಯಲ್ಲಿ, ತ್ಸುಚಿನ್ಶಾನ್ ಇನ್ನೂ ಬೆಳಗಿನ ಜಾವ ಪೂರ್ವದಲ್ಲಿ ಕಾಣುತ್ತಿದ್ದಾಗ, ಪಟ್ಟಿಯಲ್ಲಿ ‘00:00’ ಎಂದು ಕಂಡು ಮಧ್ಯರಾತ್ರಿ ಎದ್ದು, ಟಾರ್ಚ್ ಹಿಡಿದು, ತೋಟ ದಾಟಿ ಮುರಕಲ್ಲಿನ ಗುಡ್ಡೆ ಹತ್ತಿದೆ. ಪೂರ್ವದಲ್ಲಿ ಏನೂ ಇಲ್ಲ. ನೆರೆಮನೆಯ ನಾಯಿ ಬೊಗಳಿ ಮೂರು ಮನೆಯವರನ್ನು ಎಬ್ಬಿಸಿತು. ಆ ಸಾಲು ಹೇಳಿದ್ದು ಬೆಳಗಿನ ಐದೂವರೆಯನ್ನು. ಆ ಹೊತ್ತಿಗೆ ನಾನು ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದೆ.

ಸ್ಥಾನದ ವಿಷಯದಲ್ಲಿ ಈ ಮೂರರ ನಡುವೆ ನಮ್ಮ ಕೆಲಸಕ್ಕೆ ಅಡ್ಡಿಯಾಗುವಷ್ಟು ವ್ಯತ್ಯಾಸ ಕಾಣಲಿಲ್ಲ. ಪ್ರಕಾಶದ ಮಾತೇ ಬೇರೆ. ಸೂರ್ಯನಿಂದ ಇಷ್ಟು ದೂರ, ಭೂಮಿಯಿಂದ ಇಷ್ಟು ದೂರ, ಆದ್ದರಿಂದ ಇಷ್ಟು ಬೆಳಕು ಎಂದು ಸೂತ್ರ ಹೇಳುತ್ತದೆ. ಮಂಜುಗಡ್ಡೆ ಮತ್ತು ದೂಳಿನ ಆ ಉಂಡೆ ಸೂತ್ರ ಕೇಳಬೇಕಲ್ಲ. 2013ರ ಐಸಾನ್ ಧೂಮಕೇತುವಿನ ಬಗ್ಗೆ ಎಷ್ಟು ಅಬ್ಬರವಿತ್ತು! ಸೂರ್ಯನನ್ನು ಸುತ್ತುವಾಗಲೇ ಚೂರಾಯಿತು. ತ್ಸುಚಿನ್ಶಾನ್ ಒಡೆದುಹೋಗುತ್ತದೆ ಎಂದು 2024ರ ಜುಲೈಯಲ್ಲಿ ಖಗೋಳವಿಜ್ಞಾನಿ ಝ್ದೆನೆಕ್ ಸೆಕನೀನಾ ಬರೆದರು. ಆದರೆ ಅದು ಒಡೆಯದೆ ಸೆಪ್ಟೆಂಬರ್ 27ರಂದು ಸೂರ್ಯನ ಸಮೀಪ ಹಾದು, ಅಕ್ಟೋಬರ್ 12ರಂದು ಭೂಮಿಯಿಂದ ಸುಮಾರು ಏಳು ಕೋಟಿ ಕಿಲೋಮೀಟರ್ ದೂರದಲ್ಲಿ ಸಾಗಿತು. ಆದ್ದರಿಂದ ಬೆಳಕಿನ ಬಗ್ಗೆ ಕಣ್ಣಾರೆ ಕಂಡವರನ್ನೇ ಕೇಳಬೇಕು. ಸ್ಲೊವೇನಿಯಾದ ಚರ್ನಿ ವ್ರ್ಹ್ ವೀಕ್ಷಣಾಲಯದವರು ನಡೆಸುವ ಕಾಬ್ಸ್ ದತ್ತಸಂಚಯದಲ್ಲಿ ವೀಕ್ಷಕರು ತಾವು ಅಂದಾಜಿಸಿದ ಪ್ರಕಾಶವನ್ನು ದಾಖಲಿಸುತ್ತಾರೆ. ಜಪಾನಿನ ಸೇಯಿಚಿ ಯೋಶಿದಾ ಅವರ ವಾರದ ಪುಟವೂ ಒಳ್ಳೆಯದೇ, ಆದರೆ ಅಲ್ಲಿನ ಎತ್ತರದ ಲೆಕ್ಕ 35 ಡಿಗ್ರಿ ಉತ್ತರ ಮತ್ತು ದಕ್ಷಿಣ ಅಕ್ಷಾಂಶಗಳಿಗೆ. ಕಾಸರಗೋಡು ಎರಡಕ್ಕೂ ಸೇರದು.

ಕೊನೆಗೆ ಕೆಲಸಕ್ಕೆ ಬಂದದ್ದು ಹೊರೈಜನ್ಸ್ ಮತ್ತು ಕಾಬ್ಸ್‌ನ ಜೋಡಿ. ಅಕ್ಟೋಬರ್ 19ರಂದು ಚಂದ್ರ ಮೂಡುವುದು ಏಳೂವರೆ ದಾಟಿದ ಮೇಲೆ ಎಂದು ಪಂಚಾಂಗದಲ್ಲಿ ನೋಡಿಕೊಂಡೆ. ಏಳು ಗಂಟೆಗೆ ಪಟ್ಟಿಯ ಪ್ರಕಾರ ಮೂರು ಮುಷ್ಟಿ ಎತ್ತರ, ಪಶ್ಚಿಮಕ್ಕಿಂತ ತುಸು ಎಡಕ್ಕೆ. ಪೊಸಡಿಗುಂಪೆ ಗುಡ್ಡದ ಹುಲ್ಲಿನ ನೆತ್ತಿಯಲ್ಲಿ ನಿಂತು ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಅಳೆದೆ. ಬರಿಗಣ್ಣಿಗೆ ಇದೆಯೋ ಇಲ್ಲವೋ ಎಂಬಂಥ ಮಸುಕು. ಬೈನಾಕ್ಯುಲರಿನಲ್ಲಿ ಹತ್ತಿಯ ಉಂಡೆಯೊಂದು, ಅದರಿಂದ ಮೇಲಕ್ಕೆ ಯಾರೋ ಒದ್ದೆ ಬೆರಳಿನಿಂದ ಎಳೆದ ಹಾಗೆ ಒಂದು ಗೆರೆ. ನೇರ ನೋಡಿದರೆ ಗೆರೆ ಮಾಯ, ಬದಿಗೆ ಕಣ್ಣು ಹೊರಳಿಸಿದರೆ ಮತ್ತೆ ಹಾಜರ್.

ಲೆಮ್ಮನ್ ಇದಕ್ಕಿಂತ ಸುಲಭವಾಗಬೇಕಿತ್ತು. 2025ರ ಅಕ್ಟೋಬರ್ 21, ಅಮಾವಾಸ್ಯೆಯ ದಿನವೇ ಭೂಮಿಗೆ ಅತಿ ಸಮೀಪ. ಮೊದಲಿನ ಅಂದಾಜನ್ನು ಎಷ್ಟೋ ಮೀರಿ ಬೆಳಗಿದೆ ಎಂದು ಕಾಬ್ಸ್ ತೋರಿಸುತ್ತಿತ್ತು. ಪಟ್ಟಿಯ ಮುದ್ರಿತ ಪ್ರತಿ ಕಿಸೆಯಲ್ಲೇ ಇತ್ತು, ಗಂಟೆಗೆ ಐದೂವರೆಯನ್ನೂ ಕೂಡಿಸಿಯಾಗಿತ್ತು. ಹವಾಮಾನ ಇಲಾಖೆಯ ಇನ್ಸಾಟ್ ಚಿತ್ರ ತೆರೆದರೆ ನಮ್ಮ ಕರಾವಳಿಯ ಮೇಲೆ ಬಿಳಿಯ ಚಾದರ. ಸಂಜೆ ಅಂಗಳದಲ್ಲಿ ಒಣಹಾಕಿದ್ದ ಅಡಿಕೆಯನ್ನು ಗೋಣಿಗೆ ತುಂಬಿಸುವ ಹೊತ್ತಿಗೆ ಮಳೆ ಸುರಿಯತೊಡಗಿತ್ತು.